ಜಗ್ಗಿ ನೋಡಿದ ಕೀಲಿ

ನಮ್ಮ ಕಡೆ ಯಾರಿಗಾದರೂ ತಲೆ ಕೆಟ್ಟಿದೆ ಎನ್ನಬೇಕಾದರೆ ಅಷ್ಟು ಒರಟಾಗಿ ಯಾರೂ ಅನ್ನುವುದಿಲ್ಲ. "ಇವನ್ನ ಧಾರವಾಡಕ್ಕ ಕಳಸಬೇಕು" ಎನ್ನುತ್ತಾರೆ. ಧಾರವಾಡದವರು ಪೇಢೆ, ಬೇಂದ್ರೆ, ಸಂಗೀತ ಎಂದು ಎಷ್ಟೇ ಎದೆ ಉಬ್ಬಿಸಲಿ, ತುಂಗಭದ್ರೆಯ ದಂಡೆಯ ನಮ್ಮ ಐರಣಿಯಲ್ಲಿ ಧಾರವಾಡವೆಂದರೆ 1845ರಷ್ಟು ಹಳೆಯದಾದ ಆ ಒಂದು ಆಸ್ಪತ್ರೆ. ನಾನು ಎಂ.ಎ. ಓದಲು ಹೊರಟ ದಿನ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದ ನಮ್ಮ ಕಾಕಾ, "ನಮ್ಮ ಹುಡುಗ ಧಾರವಾಡಕ್ಕ ಹೊಂಟಾನ್ರೀ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಕಿಟಕಿಗೆ ಕುಳಿತಿದ್ದ ಮುದುಕನೊಬ್ಬ ನನ್ನ ಮುಖ ನೋಡಿ, "ಪಾಪ, ಎಷ್ಟ ದಿನದಿಂದ?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಕೊಡುವ ಸರದಿ ನನಗೆ ನಲವತ್ತು ವರ್ಷದ ಮೇಲೆ ಬಂತು. ಹೈಸ್ಕೂಲಿನ ಕನ್ನಡ ಮಾಸ್ತರಿಕೆ ಮುಗಿಸಿ, ನಿವೃತ್ತನಾಗಿ, ಊರ ಮನೆಯಲ್ಲಿ ಕಾಲು ಚಾಚಿ ಕುಳಿತ ಎರಡನೆಯ ವರ್ಷಕ್ಕೆ ಕೀಲಿ ನನ್ನ ಬೆನ್ನು ಹತ್ತಿತು. ಹೊರಬಾಗಿಲಿಗೆ ಹಿತ್ತಾಳೆ ಕೀಲಿ ಹಾಕುತ್ತೇನೆ. ಒಮ್ಮೆ ಕೆಳಕ್ಕೆ ಜಗ್ಗುತ್ತೇನೆ. ಕೀಲಿಕೈಯನ್ನು ಒಳಗಿಸೆಗೆ ಹಾಕಿಕೊಂಡು ರಾಣೆಬೆನ್ನೂರು ಬಸ್ಸಿಗೆ ಹೊರಡುತ್ತೇನೆ. ಅಗಸಿ ಮುಟ್ಟುವಷ್ಟರಲ್ಲಿ ಅನುಮಾನ ಏಳುತ್ತದೆ: ಜಗ್ಗಿದ್ದು ಇವತ್ತೋ, ನಿನ್ನೆಯ ನೆನಪೋ? ಕೈಗೆ ಜಗ್ಗಿದ ನೆನಪಿದೆ, ತಲೆ ಒಪ್ಪುವುದಿಲ್ಲ. ತಿರುಗಿ ಬರುತ್ತೇನೆ. ಕೀಲಿ ಇದ್ದ ಹಾಗೇ ಇದೆ. ಜಗ್ಗಿ ನೋಡುತ್ತೇನೆ, ಮನಸ್ಸು ತಣ್ಣಗಾಗುತ್ತದೆ. ಮತ್ತೆ ಅಗಸಿ, ಮತ್ತೆ ಅನುಮಾನ: ಅಷ್ಟು ಜೋರಾಗಿ ಜಗ್ಗಿದಾಗ ಕೀಲಿ ಬಿಚ್ಚಿಕೊಂಡಿದ್ದರೆ?

ಕಳ್ಳ ಬಂದರೂ ಒಯ್ಯುವಂಥದ್ದು ಮನೆಯಲ್ಲಿ ಏನಿದೆ ಎಂದು ನೀವು ಕೇಳಬಹುದು. ಬೀಳ್ಕೊಡುಗೆಯಲ್ಲಿ ಹೊದಿಸಿದ ಹನ್ನೊಂದು ಶಾಲು ಮತ್ತು ಹಾವೇರಿಯಿಂದ ತರಿಸಿದ ಒಂದು ಏಲಕ್ಕಿ ಹಾರ ಇವೆ. ಹಾರದ ಏಲಕ್ಕಿಯನ್ನು ಮನೆಯಾಕೆ ಒಂದೊಂದಾಗಿ ಬಿಡಿಸಿ ಚಹಾಕ್ಕೆ ಹಾಕಿ ಮುಗಿಸಿದ್ದಾಳೆ, ಉಳಿದದ್ದು ದಾರ ಮತ್ತು ಜರಿ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ವೆಲ್ಲೆಸ್ಲಿಯ ದಂಡು ಬಂದಾಗ ನಮ್ಮೂರ ಕೋಟೆಯೇ ತಡೆಯಲಿಲ್ಲ, ಈ ಅಂಗೈಯಗಲದ ಕೀಲಿ ಏನು ತಡೆದೀತು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಪಾಠ ಹೇಳುವುದರಿಂದ ಯಾರಿಗೂ ಏನೂ ತಲೆಗೆ ಹತ್ತುವುದಿಲ್ಲ ಎಂಬುದು ಮೂವತ್ತೈದು ವರ್ಷದ ಅನುಭವವಾದ್ದರಿಂದ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ.

ಕಡೆಗೆ ಮನೆಯಾಕೆಯೇ ಮುಂದೆ ನಿಂತು ತಾಲ್ಲೂಕು ಆಸ್ಪತ್ರೆಗೆ ಹೊರಡಿಸಿದಳು. ಮನೋಚೈತನ್ಯ ಎಂಬ ಸರಕಾರದ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡುತ್ತಾರೆ. ಮಂಗಳವಾರ ನಮ್ಮಲ್ಲಿ ಕ್ಷೌರದಂಗಡಿ ಬಂದ್. ತಲೆಯ ಹೊರಗಿನ ಕೂದಲಿಗೇ ಯಾರೂ ಕೈ ಹಚ್ಚದ ವಾರದಂದು ಒಳಗಿನದನ್ನು ತೋರಿಸಲು ಹೋಗಬೇಕಾಯಿತಲ್ಲ ಎಂದುಕೊಂಡು ಸಾಲಿನಲ್ಲಿ ಕುಳಿತೆ. ಹಿಂದೆ ಇದಕ್ಕೆಲ್ಲ ಧಾರವಾಡ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್ ಎರಡೇ ದಾರಿ. ಊರೂರಿನ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಎಂಬುದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ನಮ್ಮ ಹೊಳೆಯ ನೀರು ಹರಿದು ಹೋಗುವ ಸೀಮೆಯಲ್ಲಿ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಊರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಈ ವಿದ್ಯೆ ಕಲಿಸಿದರು. ಆ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಡಾಕ್ಟರು ಎಲ್ಲ ಕೇಳಿ, ನಾಡಿ ನೋಡದೆ, ನಾಲಗೆ ಚಾಚಿಸದೆ, "ಇದಕ್ಕೆ ಗುಳಿಗೆನೂ ಅದಾವ್ರೀ, ಮಾತಿನ ಚಿಕಿತ್ಸೆನೂ ಐತಿ. ನಿಮಗ ಮೊದಲು ಮಾತಿಂದು ನೋಡೂಣ" ಎಂದರು. ನನಗೆ ನಿರಾಸೆಯಾಯಿತು. ನಮ್ಮ ಸೀಮೆಯಲ್ಲಿ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ, ಸಲಾಯಿನ್ ಹಚ್ಚದ ಕಾಯಿಲೆ ಕಾಯಿಲೆಯೇ ಅಲ್ಲ. ಮಾತು ಕೇಳಲು ಐರಣಿಯಿಂದ ಬಸ್ಸು ಹತ್ತಿ ಬರಬೇಕೇ? ಡಾಕ್ಟರು ಕಾಯಿಲೆಯ ಹೆಸರನ್ನೂ ಹೇಳಿದರು: ಗೀಳು. ನನ್ನೊಳಗಿನ ಕನ್ನಡ ಮಾಸ್ತರ ಥಟ್ಟನೆ ಎದ್ದು ಕುಳಿತ. ಓದುವ ಗೀಳು, ಇಸ್ಪೀಟಿನ ಗೀಳು ಎನ್ನುವಾಗ ಅದರಲ್ಲಿ ಒಂದು ಖುಷಿಯಿದೆ. ಕೀಲಿಯ ಮೇಲೆ ನನಗೆ ಎಂಥ ಪ್ರೀತಿಯೂ ಇಲ್ಲ ಎಂದು ವಾದಿಸಿದೆ. "ಹಂಗಾದ್ರ ಒ.ಸಿ.ಡಿ. ಅಂತ ಬರಕೋರಿ" ಎಂದು ಅವರು ಮುಂದಿನವರನ್ನು ಕರೆದರು.

ಅವರು ಕಳಿಸಿದ್ದು ಪೇಟೆಯ ಒಂದು ಮಹಡಿಗೆ. ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ 'ಆಪ್ತಸಮಾಲೋಚನೆ' ಎಂಬ ಬೋರ್ಡು. ಗುರುತು ಪರಿಚಯ ಆಗುವ ಮೊದಲೇ ಆಪ್ತರಾಗುವುದು ಹೇಗೆ ಎಂದು ಮೆಟ್ಟಿಲು ಹತ್ತುತ್ತಾ ಯೋಚಿಸಿದೆ. ಒಳಗೆ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಎರಡು ಕುರ್ಚಿ, ಒಂದು ಗಡಿಯಾರ, ಒಂದು ಹೂಜಿ ನೀರು. ಎಲ್ಲಿ ಓದಿದಿರಿ ಎಂದು ಕೇಳಿದೆ. "ಧಾರವಾಡದಾಗ ಎರಡು ವರ್ಷ ಇದ್ದೆ ಸರ್" ಎಂದರು. ನಾನು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದೆ. ಅವರಿಗೆ ಅಭ್ಯಾಸವಾಗಿರಬೇಕು. "ಓದಲಿಕ್ಕೆ ಸರ್" ಎಂದು ಸೇರಿಸಿದರು.

ಮೊದಲ ದಿನ ನಾನು ಮಾತಾಡಿದೆ, ಅವರು 'ಹೂಂ' ಎಂದರು. ಮುಕ್ಕಾಲು ತಾಸಿನಲ್ಲಿ ಇಪ್ಪತ್ತಾರು ಸಲ. ಲೆಕ್ಕ ಇಡುವುದು ನನ್ನ ಕಾಯಿಲೆಯ ಭಾಗವೋ ಮಾಸ್ತರಿಕೆಯ ಭಾಗವೋ ಹೇಳಲಾರೆ. ಛಂದಸ್ಸಿನ ಪ್ರಕಾರ ಹೂಂ ಎಂಬುದು ಗುರು. ದೀರ್ಘವಿದ್ದರೂ ಗುರು, ಅನುಸ್ವಾರವಿದ್ದರೂ ಗುರು, ಹೇಗೂ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಅವರ ಹೂಂಗಳಲ್ಲಿ ತರಾವರಿ ಇತ್ತು. ಮುಂದೆ ಹೇಳಿ ಎನ್ನುವ ಏರುಹೂಂ, ಅದು ಕಷ್ಟವೇ ಬಿಡಿ ಎನ್ನುವ ಇಳಿಹೂಂ, ನೀವು ಈಗ ಏನು ಹೇಳಿದಿರೋ ನಿಮಗೇ ಕೇಳಿಸಿತೇ ಎನ್ನುವ ಮೂಗಿನ ಹೂಂ. ಸಣ್ಣವನಿದ್ದಾಗ ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ರಾಜಕುಮಾರ ಕಾಡಿನಲ್ಲೇ ಉಳಿಯುತ್ತಿದ್ದ. ಕಥೆ ಮುಂದೆ ಹೋಗುವುದು ಹೇಳುವವನಿಂದಷ್ಟೇ ಅಲ್ಲ ಎಂಬುದು ಅಜ್ಜಿಗೆ ಗೊತ್ತಿತ್ತು. ಅರವತ್ತು ದಾಟಿದ ಮೇಲೆ ನಾನು ಕಥೆ ಹೇಳುವ, ಇನ್ನೊಬ್ಬರು ಹೂಂಗುಟ್ಟುವ ಪಾಳಿ ಬಂದಿತ್ತು.

ಮನೆಗೆ ಬಂದೊಡನೆ ಮನೆಯಾಕೆ, "ಏನ್ ಕೊಟ್ರು?" ಎಂದಳು.

"ಏನೂ ಕೊಡಲಿಲ್ಲ. ಕೇಳಿದ್ರು."

"ಕೇಳಾಕ ರೊಕ್ಕ ತಗೋತಾರ?" ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಮೂವತ್ತೆಂಟು ವರ್ಷ ಪುಕ್ಕಟೆ ಕೇಳೀನಿ. ಲೆಕ್ಕ ಹಾಕ್ರಿ, ಎಷ್ಟ ಆಗತೈತಿ."

ಮರುದಿನ ಕಟ್ಟೆಯ ಮೇಲೂ ಇದೇ ಮಾತು. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿರಲಿಲ್ಲವೇ, ಕಟ್ಟೆಯೇ ನಮ್ಮ ಸಮಾಲೋಚನಾ ಕೇಂದ್ರ ಎಂದು ಗೆಳೆಯನೊಬ್ಬ ಭಾಷಣ ಶುರು ಮಾಡಿದ. ನನಗೂ ಈ ಮಾತು ಬಹಳ ಹಿಡಿಸಿತ್ತು, ಇದೇ ಧಾಟಿಯಲ್ಲಿ ಒಂದು ಪ್ರಬಂಧ ಬರೆಯುವ ಆಸೆಯೂ ಇತ್ತು. ಆದರೆ ಆಮೇಲೆ ನೆನಪಾಯಿತು. ಕೀಲಿಯ ಸಂಗತಿಯನ್ನು ಮೊದಲು ಹೇಳಿಕೊಂಡದ್ದು ಇದೇ ಕಟ್ಟೆಯಲ್ಲಿ. ಅರ್ಧ ಹೇಳುವಷ್ಟರಲ್ಲಿ ಐದು ಸಲಹೆ ಬಂದವು: ಕೀಲಿ ಬದಲಿಸು, ನಾಯಿ ಸಾಕು, ಹೊಳೆಮಠಕ್ಕೆ ಹೋಗಿ ಕಾಯಿ ಒಡೆಸು, ಎರಡು ಕೀಲಿ ಹಾಕು, ಮನೆ ಬಿಟ್ಟು ಹೊರಗೇ ಹೋಗಬೇಡ. ಸಂಜೆಯೊಳಗೆ ಆ ಸುದ್ದಿ ಬೇರೆ ಬೇರೆ ಓಣಿ ಸುತ್ತಿ ನಮ್ಮ ಮನೆಗೇ ತಿರುಗಿ ಬಂತು, ಮಾಸ್ತರರ ಮನೆಯಲ್ಲಿ ಬಂಗಾರ ಬಹಳ ಇದೆಯಂತೆ ಎಂದು. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಕಟ್ಟೆಯ ಮಾತಿಗೆ ಖಾರ ಕಡಿಮೆ, ಬಣ್ಣ ಭಾರೀ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ನಗಬಹುದು, ಕಾಲ ಕಳೆಯಬಹುದು. ಅಲ್ಲಿ ಕೇಳುವವನು ತನ್ನ ಸರದಿಗಾಗಿ ಕಾಯುತ್ತಿರುತ್ತಾನೆ. ಜೊತೆಗೆ ಅವನಿಗೆ ನಿಮ್ಮಪ್ಪನೂ ಗೊತ್ತು, ನಿಮ್ಮ ಸಾಲವೂ ಗೊತ್ತು. ಮಹಡಿಯ ಮೇಲಿನ ಆ ಹೆಣ್ಣುಮಗಳಿಗೆ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಬಾಯಿ ಕಟ್ಟಿಕೊಳ್ಳುವುದು ಅವರ ಕಸುಬಿನ ನಿಯಮ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲೂ ತನ್ನ ಗುಟ್ಟು ಬಯಲಾಗದಂತೆ ಕಾಯಿಸಿಕೊಳ್ಳುವ ಹಕ್ಕು ರೋಗಿಗೆ ಇದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಬೇಕಾದವರಿಗೆ ಹೇಳುತ್ತೇನೆ ಎಂದು ಅವರು ಮೊದಲ ದಿನವೇ ತಿಳಿಸಿದ್ದರು.

ಎರಡನೆಯ ಸಲ ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಮೇಡಮ್ಮಾರೆ, ತಪ್ಪು ತಿಳಕೋಬ್ಯಾಡ್ರಿ. ನೀವು ಮಾಡೋದು ಏನು? ಇದು ಯಾವ ಪದ್ಧತಿ?"

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ನಾನು ಮಾಸ್ತರನಿದ್ದಾಗ ಯಾವ ಹುಡುಗನಾದರೂ ಎದ್ದು ನಿಂತು ನೀವು ಪಾಠ ಮಾಡುವ ಪದ್ಧತಿ ಯಾವುದು ಎಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಲ್ಲಾರೂ ಕೇಳಬೇಕಾದ ಪ್ರಶ್ನೆ ಸರ್ ಇದು. ಯಾರೂ ಕೇಳೂದಿಲ್ಲ. ಚಿಕಿತ್ಸೆ ಏನು ಅಂತ ತಿಳಕೊಳ್ಳೂದೂ ನಿಮ್ಮ ಹಕ್ಕ."

ಒಂದು ಹಾಳೆ ತೆಗೆದು ಗುಂಡಗೆ ನಾಲ್ಕು ಮಾತು ಬರೆದರು: ಅನುಮಾನ, ಹೆದರಿಕೆ, ಜಗ್ಗುವುದು, ಸಮಾಧಾನ. ಸಮಾಧಾನದಿಂದ ಒಂದು ಬಾಣವನ್ನು ತಿರುಗಿ ಅನುಮಾನಕ್ಕೇ ಎಳೆದರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸಮಾಧಾನ ಆಯಿತೆಂದರೆ ಕಥೆ ಮುಗಿಯಬೇಕಲ್ಲ? ಅವರು ಕೇಳಿದರು: ಬಾಗಿಲಿಗೆ ಬಂದ ಬೀದಿಯ ಆಕಳಿಗೆ ಒಂದು ದಿನ ರೊಟ್ಟಿ ಹಾಕಿದರೆ ಮರುದಿನ ಏನಾಗುತ್ತದೆ? ಮತ್ತೆ ಬರುತ್ತದೆ. ರೊಟ್ಟಿ ಹಾಕಿದಾಗ ಹೋಗುತ್ತದೆ ನಿಜ, ಹೋಗುವುದು ನಾಳೆ ಬರಲಿಕ್ಕೆ. ನಾನು ಜಗ್ಗಿದಾಗಲೆಲ್ಲ ಅನುಮಾನಕ್ಕೆ ಒಂದು ರೊಟ್ಟಿ ಬೀಳುತ್ತಿತ್ತು. ಹಾಗಾದರೆ ಚಿಕಿತ್ಸೆ ಇಷ್ಟೇ: ಕೀಲಿ ಒಂದೇ ಸಲ ಹಾಕುವುದು, ತಿರುಗಿ ಬರದಿರುವುದು, ಆಕಳು ಬಾಗಿಲಲ್ಲಿ ಅಂಬಾ ಎನ್ನುತ್ತಾ ನಿಂತಷ್ಟು ಹೊತ್ತು ನಿಲ್ಲಲಿ ಎಂದು ಬಿಡುವುದು. ಅದು ತಾನೇ ಬೇಸತ್ತು ಹೋಗುತ್ತದೆ. ಈ ದಾರಿಯನ್ನು ಗೀಳಿಗೆ ಮೊದಲು ಹಿಡಿದು ತೋರಿಸಿದವರು ವಿಕ್ಟರ್ ಮೇಯರ್, 1966ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಎಷ್ಟೋ ಮೊದಲು, 1924ರಲ್ಲಿ, ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುವ ಪೀಟರ್ ಎಂಬ ಸಣ್ಣ ಹುಡುಗನ ಹೆದರಿಕೆ ಬಿಡಿಸಿದ ಬಗೆಯನ್ನು ಬರೆದಿದ್ದಳು. ಅವನು ಇಷ್ಟದ ತಿನಿಸು ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನಕ್ಕಿಷ್ಟು ಹತ್ತಿರ ತರುತ್ತಾ, ಕಡೆಗೆ ಅವನು ಮೊಲದ ಮೈ ಸವರುವವರೆಗೆ. ಕೂಸಿಗೆ ಊಟ ಮಾಡಿಸುತ್ತಾ ನಾಯಿ ತೋರಿಸುವ ಅವ್ವಂದಿರು ನಮ್ಮ ಓಣಿಯಲ್ಲೂ ಇದ್ದಾರೆ, ಆದರೆ ಅವರು ಹೆದರಿಸಿ ಉಣ್ಣಿಸುತ್ತಾರೆ.

ಎಲ್ಲ ಚಿಕಿತ್ಸಕರೂ ಹೀಗೇ ಮಾಡುತ್ತಾರೆಯೇ ಎಂದೆ. ಇಲ್ಲ ಎಂದರು. ಆಮೇಲೆ ನಾನೇ ಪುಸ್ತಕ ಹುಡುಕಿ ಓದಿಕೊಂಡೆ, ನಿವೃತ್ತರಿಗೆ ಬೇರೆ ಕೆಲಸವೇನು. ಫ್ರಾಯ್ಡ್‌ ಮಹಾಶಯ ರೋಗಿಯನ್ನು ಮಂಚದಂಥ ಸೋಫಾದ ಮೇಲೆ ಮಲಗಿಸಿ, ತಾನು ತಲೆಯ ಹಿಂದೆ ಕಾಣದಂತೆ ಕುಳಿತು, ಬಾಯಿಗೆ ಬಂದದ್ದನ್ನೆಲ್ಲ ಹೇಳು ಎನ್ನುತ್ತಿದ್ದ. ಆ ಸೋಫಾಕ್ಕೆ ಹೊದಿಸಿದ್ದು ಪರ್ಷಿಯಾದ ಜಮಖಾನೆ. ಲಂಡನ್ನಿನ ಅವನ ಮನೆಯಲ್ಲಿ ಅದು ಈಗಲೂ ಇದೆ. ನಮ್ಮ ಸೀಮೆಯ ಕರಿ ಕಂಬಳಿ ಹೊದಿಸಿದ್ದರೆ ಮಲಗಿದವರು ಚುಚ್ಚುತ್ತದೆಂದು ಬೇಗ ಸತ್ಯ ಹೇಳಿ ಎದ್ದುಬಿಡುತ್ತಿದ್ದರು, ಅಷ್ಟು ವರ್ಷ ಹಿಡಿಯುತ್ತಿರಲಿಲ್ಲ. ಅದೇ ಪಂಥದಲ್ಲಿ ಪಳಗಿದ ಆರನ್ ಬೆಕ್ ಎಂಬವರಿಗೆ ಮಾತ್ರ, ರೋಗಿಗಳು ಬಾಲ್ಯದ ಕಥೆ ಹೇಳುತ್ತಿರುವಾಗಲೇ ಅವರ ತಲೆಯಲ್ಲಿ ಇನ್ನೊಂದು ಮಾತು ಒಳಗೊಳಗೇ ಓಡುತ್ತಿರುತ್ತದೆ ಎಂಬುದು ಕಂಡಿತು: ಈ ಡಾಕ್ಟರಿಗೆ ನನ್ನಿಂದ ಬೇಸರವಾಗಿದೆ, ನಾನು ಯಾತಕ್ಕೂ ಬಾರದವನು, ಹೀಗೆ. ಅವರು 1960ರ ದಶಕದಲ್ಲಿ ಆ ಒಳಮಾತನ್ನೇ ಹಿಡಿದು, ಇದಕ್ಕೆ ಸಾಕ್ಷಿ ಏನಿದೆ ಎಂದು ರೋಗಿಯ ಜೊತೆ ಕುಳಿತು ಪರಿಶೀಲಿಸುವ ಚಿಕಿತ್ಸೆ ಕಟ್ಟಿದರು. ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಕಾರ್ಲ್ ರೋಜರ್ಸ್ ಎಂಬ ಇನ್ನೊಬ್ಬ ಚಿಕಿತ್ಸಕರು ಸಲಹೆಯನ್ನೇ ಕೊಡುತ್ತಿರಲಿಲ್ಲ. ರೋಗಿಯ ಮಾತನ್ನು ಮನಸ್ಸಿಟ್ಟು ಕೇಳಿ, ಕೇಳಿದ್ದನ್ನು ಅವನಿಗೇ ಸ್ಪಷ್ಟವಾಗಿ ತಿರುಗಿಸಿ ಹೇಳುತ್ತಿದ್ದರು. ಇದನ್ನು ಅಣಕಿಸುವಂತೆ 1966ರಲ್ಲಿ ವೈಜೆನ್‌ಬಾಮ್ ಎಂಬ ಪ್ರೊಫೆಸರು, ಹೇಳಿದ್ದನ್ನೇ ಪ್ರಶ್ನೆ ಮಾಡಿ ಕೇಳುವ ಎಲೈಜಾ ಎಂಬ ಕಂಪ್ಯೂಟರ್ ಕಾರ್ಯಕ್ರಮ ಬರೆದರು. ಅದು ಯಂತ್ರವೆಂದು ಚೆನ್ನಾಗಿ ಗೊತ್ತಿದ್ದ ಅವರ ಸೆಕ್ರೆಟರಿಯೇ ಅದರೊಡನೆ ಮಾತಾಡಲು ಕುಳಿತು, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಪ್ರೊಫೆಸರರನ್ನೇ ಕೇಳಿದಳಂತೆ. ಹೂಂ ಎನ್ನುವವರಿಗಾಗಿ ಲೋಕ ಅಷ್ಟು ಹಸಿದಿದೆ.

ನಮ್ಮವರೇನೂ ಹಿಂದೆ ಬಿದ್ದಿರಲಿಲ್ಲ. 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಮೇಲೆ 'ಮನ ಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಗೆಬರಹಗಾರನಿಗೆ ಪ್ರಶಸ್ತಿ ಬರಬೇಕಾದರೆ ಹುಚ್ಚಿನ ಮೇಲೆ ಬರೆಯಬೇಕೆಂದು ನಾನಿದಕ್ಕೆ ಅರ್ಥ ಮಾಡಿಕೊಂಡಿದ್ದೇನೆ.

ನನಗೆ ಬಂದ ಮನೆಗೆಲಸ ಹೀಗಿತ್ತು. ಒಂದು ಸಣ್ಣ ವಹಿ. ಕೀಲಿ ಹಾಕಿ ಹೊರಟೊಡನೆ ಹೆದರಿಕೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಐದು ನಿಮಿಷಕ್ಕೊಮ್ಮೆ ಮತ್ತೆ ಹಾಕಬೇಕು. ಅಂಕ ಹಾಕುವುದೆಂದರೆ ನನ್ನ ರಕ್ತದಲ್ಲೇ ಬಂದದ್ದು, ಮೊದಲ ವಾರ ಏಳೂವರೆ, ಆರೂಕಾಲು ಎಂದೆಲ್ಲ ಬರೆದು ಒಯ್ದೆ. ಕಾಲು ಅರ್ಧ ಬೇಡ ಎಂದರು. ಒಂದು ದಿನ ಮಾತ್ರ ಹೆದರಿಕೆ ಸೊನ್ನೆ ಎಂದು ಬರೆದಿದ್ದೆ, ಅದಕ್ಕೆ ಅವರು ಏರುಹೂಂ ಎಂದರು. ಮನೆಯಾಕೆ ಮನೆಯೊಳಗೇ ಇದ್ದಳು, ಕೀಲಿ ಹಾಕಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಇನ್ನೊಂದು ಕಳ್ಳದಾರಿಯನ್ನೂ ಅವರು ಹಿಡಿದರು. ಇಬ್ಬರೂ ಕೂಡಿ ಹೊರಟಾಗ ನಾನು ತಿರುಗಿ ಹೋಗುತ್ತಿರಲಿಲ್ಲ ನಿಜ, ದಾರಿಯುದ್ದಕ್ಕೂ "ಕೀಲಿ ಹಾಕೀನಲ್ಲ?" ಎಂದು ಕೇಳುತ್ತಿದ್ದೆ. ಆಕೆ "ಹಾಕೀರಿ" ಎನ್ನುತ್ತಿದ್ದಳು. ಅದೂ ರೊಟ್ಟಿಯೇ ಅಂತೆ. ಮುಂದಿನ ವಾರ ಮನೆಯಾಕೆಯನ್ನೂ ಕರೆಸಿದರು. "ಅಮ್ಮಾ, ಇವರು ಕೇಳಿದ್ರ ನೀವು ಉತ್ತರ ಕೊಡಬಾರದು. ಕೇಳಿದ್ದು ಗೊತ್ತಾತು ಅಂತಷ್ಟೇ ಹೇಳ್ರಿ." ಗಂಡನಿಗೆ ಉತ್ತರ ಕೊಡಬಾರದೆಂದು ವೈದ್ಯಕೀಯ ಅಪ್ಪಣೆ ಸಿಕ್ಕ ಹೆಂಗಸಿನ ಮುಖ ಹೇಗಿರುತ್ತದೆಂದು ನೋಡಬೇಕಾದರೆ ಅವತ್ತು ನೋಡಬೇಕಿತ್ತು. ಮೆಟ್ಟಿಲು ಇಳಿಯುತ್ತಾ, "ಇವರು ಭಾಳ ಶಾಣ್ಯಾರದಾರ. ರೊಕ್ಕ ಜಾಸ್ತಿ ತಗೊಂಡ್ರೂ ಅಡ್ಡಿಯಿಲ್ಲ" ಎಂದಳು. ಆ ಅಪ್ಪಣೆಯನ್ನು ಆಕೆ ಕೀಲಿಗಷ್ಟೇ ಸೀಮಿತವಾಗಿಡಲಿಲ್ಲ. ಊಟಕ್ಕೆ ಏನು ಮಾಡೀ ಎಂದರೂ "ಕೇಳಿದ್ದು ಗೊತ್ತಾತು" ಎಂಬ ಉತ್ತರ ಬಂತು.

ನಮ್ಮ ಸೀಮೆಯ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಕಾರಣಿಕ, ಅಂದರೆ ಮುಂದಾಗುವುದನ್ನು ನುಡಿಯುವುದು, ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ನಿಂತು "ಸದ್ದಲೇ" ಎಂದೊಡನೆ ಅಷ್ಟು ದೊಡ್ಡ ಜನಸಾಗರ ಉಸಿರು ಹಿಡಿಯುತ್ತದೆ. ಆಮೇಲೆ ಅವನ ಬಾಯಿಂದ ಬರುವುದು ಒಂದೇ ಸಾಲು. ಅದರ ಅರ್ಥ ಮಳೆಯೋ, ರಾಜಕಾರಣವೋ, ಹತ್ತಿಯ ಧಾರಣೆಯೋ ಎಂದು ವರ್ಷವಿಡೀ ನಾವು ಜಗಳಾಡುತ್ತೇವೆ. ಚಿಕಿತ್ಸಕರೂ ಹೀಗೇ ಒಂದು ದಿನ ಬಿಲ್ಲನ್ನೇರಿ ಒಂದು ಸಾಲು ಹೇಳಿಬಿಡುತ್ತಾರೆ, ನನ್ನ ಗಂಟು ಬಿಚ್ಚಿಕೊಳ್ಳುತ್ತದೆ ಎಂದು ನಾನು ಬಹಳ ವಾರ ಕಾದೆ. ಅವರು ಅಂಥದ್ದೇನೂ ಹೇಳಲಿಲ್ಲ. "ಸದ್ದಲೇ" ಎಂಬ ಪಾಲು ಅವರದು, ಕಾರಣಿಕ ನುಡಿಯುವ ಪಾಲು ನನ್ನದೇ ಎಂಬುದು ಆರನೆಯ ವಾರಕ್ಕೆ ಗೊತ್ತಾಯಿತು. ನಿವೃತ್ತಿಯ ದಿನ ಶಾಲೆಯ ಕೀಲಿಕೈಗಳ ಗೊಂಚಲನ್ನು ಹೊಸ ಹೆಡ್‌ಮಾಸ್ತರರ ಕೈಗೆ ಕೊಟ್ಟದ್ದನ್ನು ಹೇಳುತ್ತಿದ್ದೆ. ಇಪ್ಪತ್ತೆರಡು ಕೀಲಿಕೈ. ಆಫೀಸು, ಪ್ರಯೋಗಾಲಯ, ಪರೀಕ್ಷೆಯ ಕಪಾಟು. ಪ್ರತಿ ಸಂಜೆ ಒಂದೊಂದನ್ನೂ ಜಗ್ಗಿ ನೋಡಿಯೇ ಮನೆಗೆ ಬರುತ್ತಿದ್ದೆ, ಅದಕ್ಕೆ ಊರೆಲ್ಲ ಮಾಸ್ತರರೆಂದರೆ ಹೀಗಿರಬೇಕು ಎನ್ನುತ್ತಿತ್ತು. ಹೇಳುತ್ತಾ ಹೇಳುತ್ತಾ ನಾನೇ ನಿಂತೆ. ಅವರು ಹೂಂ ಎನ್ನಲಿಲ್ಲ. ಗಡಿಯಾರದ ಸದ್ದಷ್ಟೇ ಇತ್ತು. ಹೂಜಿಯ ನೀರು ಬಗ್ಗಿಸಿ ಕೊಟ್ಟರು.

ಹಾಗೆಂದು ಅದು ತಿಳಿದೊಡನೆ ಕೀಲಿ ನನ್ನನ್ನು ಬಿಟ್ಟುಬಿಟ್ಟಿತೆಂದಲ್ಲ. ಮೂಲ ತಿಳಿದರೂ ಆಕಳು ಬರುವುದು ಬರುತ್ತಲೇ ಇರುತ್ತದೆ. ಮನೆಗೆಲಸ ಮುಂದುವರಿಯಿತು.

ಒಂದು ಸೋಮವಾರ ನಾನು ಕೀಲಿ ಹಾಕಿ, ಒಂದೇ ಸಲ ಜಗ್ಗಿ, ಹೊರಟೆ. ಅಗಸಿಯ ಹತ್ತಿರ ಹೆದರಿಕೆ ಎಂಟು. ಓಣಿಯ ತುದಿಯಲ್ಲಿ ಉಣ್ಣೆಯ ರಾಶಿ ಮುಂದಿಟ್ಟುಕೊಂಡು ಒಬ್ಬ ಮುದುಕಿ ದಿನಾ ಕುಳಿತಿರುತ್ತಾಳೆ, ಕುರಿಯ ಮೈಯಿಂದ ಬಂದ ಮುಳ್ಳು ಕಸಗಳನ್ನು ಬೆರಳತುದಿಯಲ್ಲಿ ಆರಿಸಿ ತೆಗೆಯುತ್ತಾ. ಎಳೆದು ಕೀಳುವುದಿಲ್ಲ. ಉಣ್ಣೆಯನ್ನು ಎರಡೂ ಕಡೆ ಮೆಲ್ಲಗೆ ಬಿಡಿಸುತ್ತಾಳೆ, ಮುಳ್ಳು ತಾನೇ ಕೆಳಗೆ ಬೀಳುತ್ತದೆ. ನಾನು ಮುಂದೆ ದಾಟಿದ್ದನ್ನು ನೋಡಿ ಕೈ ನಿಲ್ಲಿಸಿ, "ಯಾಕ್ರೀ ಮಾಸ್ತರ, ಇವತ್ತ ತಿರುಗಿ ಬರಲಿಲ್ಲ? ಮೈಯಾಗ ಹುಷಾರದೀರಿಲ್ಲೋ?" ಎಂದಳು. ಚಹಾದಂಗಡಿಯವನು ಗಡಿಯಾರ ನೋಡಿದ. ಆಮೇಲೆ ಗೊತ್ತಾದದ್ದು, ನಾನು ಮೂರನೆಯ ಸಲ ಬಂದೆನೆಂದರೆ ಬಸ್ಸು ಬರುವ ಹೊತ್ತಾಯಿತೆಂದು ಓಣಿಯವರು ಲೆಕ್ಕ ಇಟ್ಟುಕೊಂಡಿದ್ದರು. ಅವತ್ತು ಇಬ್ಬರಿಗೆ ಬಸ್ಸು ತಪ್ಪಿತು.

ಬಸ್ಸಿನಲ್ಲಿ ಕುಳಿತು ವಹಿ ತೆಗೆದೆ. ಏಳು. ಕಬ್ಬಿನ ಹೊಲ ದಾಟಿದ ಮೇಲೆ ಐದು. ಗಾಳಿ ತಂಪಾಗಿತ್ತು. ಅಷ್ಟರಲ್ಲಿ ಕಂಡಕ್ಟರ್ ಬಂದ. ನನಗಾಗಿ ಎಷ್ಟೋ ಸಲ ಸೀಟಿ ಊದದೆ ಬಸ್ಸು ನಿಲ್ಲಿಸಿದ ಪುಣ್ಯಾತ್ಮ. ಟಿಕೆಟು ಹರಿದು ಕೊಡುತ್ತಾ, ಅಕ್ಕರೆಯಿಂದಲೇ ಕೇಳಿದ: "ಏನ್ರಿ ಸರ, ಇವತ್ತ ಒಂದ ಸಲಕ್ಕ ಬಂದ್ರೆಲ್ಲಾ! ಕೀಲಿ ಬರೋಬ್ಬರಿ ಹಾಕೀರಿಲ್ಲೋ?"

ವಹಿ ಮತ್ತೆ ತೆರೆದು ಕುಲುಕಾಡುವ ಬಸ್ಸಿನಲ್ಲೇ ಅಂಕ ಹಾಕಿದೆ. ಕನ್ನಡ ಮಾಸ್ತರನಾದ್ದರಿಂದ ಕನ್ನಡ ಅಂಕಿಯಲ್ಲೇ.

ಮಹಡಿಯ ಮೇಲೆ ಅವರು ವಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. "ಸರ್, ಇದು ೬ ಏನು, ೯ ಏನು?"

"ಬರೀವಾಗ ಒಂಬತ್ತಿತ್ರೀ," ಎಂದೆ. "ರಾಣೆಬೆನ್ನೂರು ಬಸ್‌ಸ್ಟ್ಯಾಂಡ್ ಮುಟ್ಟೂದ್ರಾಗ ಆರಾತು."

"ಹೂಂ" ಎಂದರು. ಅದು ಏರೋ ಇಳಿಯೋ, ನನಗೆ ಗುರುತು ಸಿಗಲಿಲ್ಲ.